ಕಿಟೆಲ್ ಎಂಬ ಅಡ್ಡಹೆಸರು

ನಿಘಂಟಿನ ಮಾತು ಬಂದಾಗ, "ಕಿಟೆಲ್ ಏನು ಹೇಳುತ್ತದೆ, ನೋಡಿ" ಎನ್ನುವುದು ಕನ್ನಡ ವಿದ್ವಾಂಸರಲ್ಲಿ ಹಳೆಯ ರೂಢಿ. ಕಿಟೆಲ್ ಏನು ಹೇಳುತ್ತಾರೆ ಎನ್ನುವುದಿಲ್ಲ. ಏನು ಹೇಳುತ್ತದೆ ಎನ್ನುತ್ತಾರೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ, ಸುಮಾರು 70,000 ಶಬ್ದಗಳನ್ನು ಒಳಗೊಂಡ ಆ ಹೆಬ್ಬೊತ್ತಗೆಗೆ ಕರ್ತೃವಿನ ಹೆಸರೇ ಹೆಸರಾಗಿ ನಿಂತುಬಿಟ್ಟಿದೆ. ಫರ್ಡಿನೆಂಡ್ ಎಂಬ ಇಟ್ಟ ಹೆಸರು ಹಿಂದೆ ಸರಿಯಿತು, ಅಡ್ಡಹೆಸರು ಉಳಿಯಿತು. ಒಬ್ಬ ಮನುಷ್ಯನಿಗೆ ಅವನ ಅಜ್ಜ ಮುತ್ತಜ್ಜಂದಿರಿಂದ ಬಂದ, ಅವನು ತಾನಾಗಿ ಆರಿಸಿಕೊಳ್ಳದ ಶಬ್ದವೊಂದು ಸಾವಿರಾರು ಹರದಾರಿ ದೂರದ ಭಾಷೆಯಲ್ಲಿ ಪುಸ್ತಕದ ಹೆಸರಾಯಿತೆಂದರೆ ಸೋಜಿಗವಲ್ಲವೆ? ಆ ಶಬ್ದ ಎಲ್ಲಿಯದು, ಅದರ ಅರ್ಥವೇನು, ಅದು ಎಷ್ಟು ಅಪರೂಪದ್ದು ಎಂಬುದನ್ನು ಕುರಿತು ಕೇಳುಗರೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದಿದ್ದೇನೆ.

ಈ ಕುತೂಹಲ ನನಗೆ ಬಂದುದಕ್ಕೆ ಕಾರಣ ಸರಳವಾದದ್ದು. ನಾನು ಮಾಲೂರು ತಾಲ್ಲೂಕಿನ ಲಕ್ಕೂರಿನವನು. ನಮ್ಮ ಸೀಮೆಯಲ್ಲಿ ಕನ್ನಡದವರಿಗೆ ಸಾಮಾನ್ಯವಾಗಿ ಮನೆತನದ ಹೆಸರೆಂಬುದಿಲ್ಲ. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ನಮ್ಮ ಹೆಸರು, ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಅಡ್ಡಹೆಸರೆಂದರೆ ಗೇಲಿಗೆ ಕರೆಯುವ ಹೆಸರು. ಅದೇ ಮಾತು ಧಾರವಾಡದಲ್ಲಿ ವಂಶಪಾರಂಪರ್ಯವಾಗಿ ಬಂದ ಗೌರವದ ಹೆಸರು. ಈ ಎರಡು ಅರ್ಥಗಳೂ ಒಂದೇ ಮಾತಿನಲ್ಲಿ ಕೂಡಿರುವುದು ಆಕಸ್ಮಿಕವಲ್ಲವೆಂದು ನನ್ನ ಎಣಿಕೆ. ಯೂರೋಪಿನ ಅಡ್ಡಹೆಸರುಗಳ ಮೂಲವನ್ನು ಬಗೆದು ನೋಡಿದರೆ, ಒಂದು ಕಾಲದಲ್ಲಿ ನೆರೆಹೊರೆಯವರು ಕರೆದ ಇಂಥ ಹೆಸರೇ ಮುಂದೆ ಮಕ್ಕಳು ಮೊಮ್ಮಕ್ಕಳಿಗೆ ಅಂಟಿಕೊಂಡು ಸರಕಾರದ ದಫ್ತರಕ್ಕೆ ಏರಿದ್ದು ಎಷ್ಟೋ ಕಡೆ ಕಾಣುತ್ತದೆ.

ಮೊದಲಿಗೆ ಒಂದು ಎಚ್ಚರಿಕೆ. ಪರಭಾಷೆಯ ಹೆಸರನ್ನು ನಮ್ಮ ಕಿವಿಯಿಂದ ಅಳೆಯಬಾರದು. ಕಿಟೆಲ್ ಎಂದೊಡನೆ ಕನ್ನಡಿಗನಿಗೆ ಕಿಟ್ಟಪ್ಪ, ಕಿಟ್ಟಣ್ಣ ನೆನಪಾಗುತ್ತಾರೆ. ಕೃಷ್ಣನು ಕಿಟ್ಟನಾದ ಮನೆ ಮನೆಯ ಪ್ರೀತಿ ಅದು. ಕಮ್ಮಾರಸಾಲೆ ಕಂಡವನಿಗೆ ಕಬ್ಬಿಣದ ಕಿಟ್ಟವೂ ನೆನಪಾಗಬಹುದು. ಎರಡಕ್ಕೂ ಈ ಹೆಸರಿಗೂ ಕೂದಲೆಳೆಯ ಸಂಬಂಧವಿಲ್ಲ. ನಮ್ಮ ಜಿಲ್ಲೆಯ ಶಾಸನಗಳನ್ನು 1905ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದ ಬಿ. ಎಲ್. ರೈಸ್ ಅವರ ಹೆಸರನ್ನು ಕೇಳಿ, ಶಾಲೆಯ ಹುಡುಗರು "ಅಕ್ಕಿ ದೊರೆ" ಎಂದು ನಗುವುದುಂಟು. ಆ ಅಡ್ಡಹೆಸರು ಇಂಗ್ಲಿಷರಲ್ಲಿ ಬಹುಮಟ್ಟಿಗೆ ವೇಲ್ಸ್ ನಾಡಿನ ರ‍್ಹೀಸ್ ಎಂಬ ಹಳೆಯ ವ್ಯಕ್ತಿನಾಮದಿಂದ ಬಂದದ್ದು. ಅಲ್ಲಿ ಅಕ್ಕಿಯೂ ಇಲ್ಲ, ಗದ್ದೆಯೂ ಇಲ್ಲ.

ಇನ್ನು ಕಿಟೆಲ್. ಜರ್ಮನ್ ಭಾಷೆಯಲ್ಲಿ ಇದು ಇಂದಿಗೂ ಬಳಕೆಯಲ್ಲಿರುವ ಶಬ್ದ. ಮೈಮೇಲೆ ಸಡಿಲವಾಗಿ ಇಳಿಬೀಳುವ, ಕೆಲಸದ ಹೊತ್ತಿನಲ್ಲಿ ತೊಡುವ ನಿಲುವಂಗಿಗೆ ಕಿಟೆಲ್ ಎಂದು ಹೆಸರು. ರೈತನ ಒರಟು ಬಟ್ಟೆಯ ಅಂಗಿಯೂ ಕಿಟೆಲ್, ಆಸ್ಪತ್ರೆಯಲ್ಲಿ ವೈದ್ಯರು ತೊಡುವ ಬಿಳಿಯ ಕೋಟೂ ಕಿಟೆಲ್. ಯೂರೋಪಿನ ಯೆಹೂದ್ಯರಲ್ಲಿ ಈ ಶಬ್ದಕ್ಕೆ ಇನ್ನೊಂದು ಗಾಂಭೀರ್ಯವಿದೆ. ಅವರ ಮಹಾ ಪ್ರಾಯಶ್ಚಿತ್ತದ ದಿನ ತೊಡುವ ಬಿಳಿಯ ನಿಲುವಂಗಿಯನ್ನು ಕಿಟೆಲ್ ಎನ್ನುತ್ತಾರೆ. ಮದುವೆಯಲ್ಲಿ ವರನು ತೊಟ್ಟ ಕಿಟೆಲನ್ನೇ ಕೊನೆಗೆ ಅವನ ಶವಕ್ಕೂ ತೊಡಿಸುವ ಪದ್ಧತಿಯುಂಟು. ಶಬ್ದದ ಆಳದ ಬೇರನ್ನು ಕುರಿತು ಜರ್ಮನ್ ಪಂಡಿತರಲ್ಲಿ ಚರ್ಚೆಯಿದೆ. ಹತ್ತಿಗೆ ಅರಬ್ಬಿಯಲ್ಲಿರುವ ಕುತ್ನ್ ಎಂಬ ಮಾತಿನಿಂದ ಇದು ಬಂದಿರಬಹುದೆಂದು ಕೆಲವು ಕೋಶಕಾರರು ಊಹಿಸುತ್ತಾರೆ. ಇಂಗ್ಲಿಷಿನ ಕಾಟನ್ ಹುಟ್ಟಿದ್ದಂತೂ ಅದೇ ಅರಬ್ಬಿ ಶಬ್ದದಿಂದ. ಆ ಊಹೆ ನಿಜವಾದರೆ ನಮ್ಮ ನಿಘಂಟುಕಾರರ ಮನೆಹೆಸರು ಹತ್ತಿಯ ಸರಕಿನ ಜೊತೆ ಪೂರ್ವದಿಂದ ಪಶ್ಚಿಮಕ್ಕೆ ಹೋದ ಹೆಸರೆನ್ನಬೇಕು.

ನಿಲುವಂಗಿ ಮನುಷ್ಯನ ಹೆಸರಾದದ್ದು ಹೇಗೆ? ಅದನ್ನು ಹೊಲಿದು ಮಾರುತ್ತಿದ್ದವನನ್ನೋ, ಸದಾ ಅದನ್ನೇ ತೊಟ್ಟು ತಿರುಗುತ್ತಿದ್ದವನನ್ನೋ ಜನ ಹಾಗೆ ಕರೆದಿರಬೇಕು. ಇದಕ್ಕೆ ಉಪಪತ್ತಿ ಬೇಕಾದರೆ ಜರ್ಮನಿಯವರೆಗೆ ಹೋಗಬೇಕಾಗಿಲ್ಲ, ಹುಬ್ಬಳ್ಳಿಯವರೆಗೆ ಹೋದರೆ ಸಾಕು. ಮುಂಬಯಿ ಪ್ರಾಂತದಲ್ಲಿ ಮಂತ್ರಿಯಾಗಿದ್ದ, ಉತ್ತರ ಕರ್ನಾಟಕದ ವಿದ್ಯಾಪ್ರಸಾರಕ್ಕೆ ದುಡಿದ ಸರ್ ಸಿದ್ದಪ್ಪ ಕಂಬಳಿಯವರ ಹೆಸರನ್ನು ಕೇಳದವರಾರು? ಕಂಬಳಿ ನೇಯುವವನಿಗೋ, ಮಾರುವವನಿಗೋ, ಹೊದ್ದವನಿಗೋ ಸಂದ ಹೆಸರು ಮನೆತನಕ್ಕೆ ನಿಂತಿತು. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಕನ್ನಡ ನಾಡಿಗೆ ಬಂದ ತರುಣ ಕಿಟೆಲ್ ಮೊದಲ ವರ್ಷಗಳನ್ನು ಕಳೆದದ್ದು ಇದೇ ಧಾರವಾಡ ಹುಬ್ಬಳ್ಳಿಗಳ ಸೀಮೆಯಲ್ಲಿ. ತನ್ನ ಹೆಸರಿನಂತೆಯೇ ಉಡುಗೆಯಿಂದ, ಸರಕಿನಿಂದ, ಕಸುಬಿನಿಂದ ಹುಟ್ಟಿದ ಹೆಸರುಗಳ ನಡುವೆ ಆತ ಕನ್ನಡ ಕಲಿತ.

ಆ ಸೀಮೆಯ ಹೆಸರುಗಳನ್ನು ಜರ್ಮನ್ ಹೆಸರುಗಳ ಪಕ್ಕದಲ್ಲಿಟ್ಟು ನೋಡುವುದು ನನಗೆ ಬಹುಕಾಲದ ವಿನೋದ. ಜರ್ಮನಿಯ ಶ್ಮಿಟ್ ನಮ್ಮ ಕಂಬಾರ. ಅಲ್ಲಿಯ ತ್ಸಿಮ್ಮರ್‌ಮನ್ ಇಲ್ಲಿಯ ಬಡಿಗೇರ. ಶ್ನೈಡರ್ ಸಿಂಪಿಗ, ವೇಬರ್ ನೇಕಾರ. ಹಳ್ಳಿಯ ಕಂದಾಯ ಕಪ್ಪಗಳ ಹೊಣೆ ಹೊತ್ತ ಮುಖ್ಯಸ್ಥನಿಂದ ಬಂದ ಶುಲ್ಟ್ಸ್ ಎಂಬ ಹೆಸರಿಗೆ ನಮ್ಮ ಪಾಟೀಲರಿಗಿಂತ ಒಳ್ಳೆಯ ಅನುವಾದವಿಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಹೆಸರುಗಳನ್ನು ಕೇಳಿ ಮೈಸೂರಿನ ಕಡೆಯವರು ನಗುತ್ತಾರೆ. ಜರ್ಮನರಲ್ಲಿ ಪ್ಫೆಫರ್, ಅಂದರೆ ಮೆಣಸು ಎಂಬ ಮನೆತನವೇ ಉಂಟು. ಧಾರವಾಡದಲ್ಲಿದ್ದು ಕನ್ನಡ ಕಲಿಯುವವರಿಗಾಗಿ ಕೈಪಿಡಿ ಬರೆದ ಇನ್ನೊಬ್ಬ ಪಾದ್ರಿ ತ್ಸೀಗ್ಲರ್. ನಾವು ಜೀಗ್ಲರ್ ಎನ್ನುತ್ತೇವೆ. ಆ ಹೆಸರಿನ ಅರ್ಥ ಇಟ್ಟಿಗೆ ಹೆಂಚು ಸುಡುವವನು ಎಂದು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆ ತೆರೆದವನು ಪ್ಲೆಬ್ಸ್ಟ್ ಎಂಬ ಬೇರೆ ಜರ್ಮನ್. ಹೆಸರಿನಲ್ಲಿ ಹೆಂಚಿದ್ದವನು ಪುಸ್ತಕ ಬರೆದ. ಆ ಕುಲುಮೆಯ ವಿದ್ಯೆ ಮುಂದೆ ಎಲ್ಲೆಲ್ಲಿಗೋ ಹರಡಿ ನಮ್ಮ ಮಾಲೂರಿಗೂ ಬಂತು. ಮಾಲೂರು ಹೆಂಚೆಂದರೆ ನಾಡಿನಲ್ಲೆಲ್ಲ ಹೆಸರಾಯಿತು. ನಮ್ಮಲ್ಲಿ ಅಡ್ಡಹೆಸರಿನ ಪದ್ಧತಿ ಇದ್ದಿದ್ದರೆ ಮಾಲೂರಿನ ಅರ್ಧ ಪೇಟೆ ಜೀಗ್ಲರ್ ಮನೆತನವಾಗಿರುತ್ತಿತ್ತು!

ಇರಲಿ. ಅಪರೂಪದ ಮಾತಿಗೆ ಬರೋಣ. ಇಡೀ ಜರ್ಮನಿಯ ಲೆಕ್ಕದಲ್ಲಿ ಕಿಟೆಲ್ ಎಂಬುದು ಮುಲ್ಲರ್, ಶ್ಮಿಟ್‌ಗಳಂತೆ ಬೀದಿಗೊಂದು ಸಿಗುವ ಹೆಸರಲ್ಲ. ಒಂದೆರಡು ಮನೆಗಳಲ್ಲಿ ಮಾತ್ರ ಉಳಿದ ಹೆಸರೂ ಅಲ್ಲ. ಸಾಕ್ಸನಿ, ಬೊಹೀಮಿಯಾಗಳ ಕಡೆ ಅದರ ಬಳಕೆ ಹಿಂದಿನಿಂದಲೂ ಇದೆ. ಆದರೆ ನಮ್ಮ ಕಿಟೆಲ್ ಹುಟ್ಟಿದ್ದು ಅಲ್ಲೆಲ್ಲೂ ಅಲ್ಲ. 1832ರಲ್ಲಿ ವಾಯವ್ಯ ಜರ್ಮನಿಯ ಕಡಲಂಚಿನ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಆತ ಹುಟ್ಟಿದ. ತಂದೆ ಅಲ್ಲಿ ಪಾದ್ರಿಯಾಗಿದ್ದರು. ಆ ನಾಡಿನಲ್ಲಿ ಇಂಥ ಅಡ್ಡಹೆಸರು ಹೊರಗಿನದು. ಏಕೆಂದರೆ ಫ್ರೀಸಿಯನ್ ಜನರಿಗೆ ಅಡ್ಡಹೆಸರೇ ಇರಲಿಲ್ಲ. ಯಾನ್ ಎಂಬವನ ಮಗ ಯಾನ್ಸೆನ್. ಆ ಮಗನ ಹೆಸರು ಹಿನ್ರಿಖ್ ಆದರೆ ಮೊಮ್ಮಗ ಹಿನ್ರಿಖ್ಸ್. ತಲೆಮಾರಿಗೊಮ್ಮೆ ಕೊನೆಯ ಹೆಸರು ಬದಲಾಗುತ್ತಿತ್ತು. ತಂದೆಯ ಹೆಸರೇ ಮಗನ ಗುರುತು. ನಮ್ಮ ಕೋಲಾರ ಸೀಮೆಯ ಪದ್ಧತಿಗೆ ಇದು ಎಷ್ಟು ಹತ್ತಿರ! ವೆಂಕಟಪ್ಪನ ಮಗ ವಿ. ಮುನಿಯಪ್ಪ, ಮುನಿಯಪ್ಪನ ಮಗ ಎಂ. ನಾರಾಯಣಪ್ಪ, ಅಕ್ಷರ ಬದಲಾದಂತೆ ತಲೆಮಾರು ತಿಳಿಯುತ್ತದೆ.

ಆದರೆ ದೊರೆಗಳಿಗೆ ಇದು ಹಿಡಿಸುವುದಿಲ್ಲ. ತೆರಿಗೆ ಎತ್ತಬೇಕು, ಸೈನ್ಯಕ್ಕೆ ಆಳು ಹಿಡಿಯಬೇಕು. ಮಗನ ಹೆಸರು ತಂದೆಯ ಹೆಸರಿನಂತಿಲ್ಲವಾದರೆ ದಫ್ತರದಲ್ಲಿ ಹುಡುಕುವುದು ಹೇಗೆ? ಪೂರ್ವ ಫ್ರೀಸ್‌ಲ್ಯಾಂಡ್ ಕೆಲಕಾಲ ನೆಪೋಲಿಯನ್ನನ ಸಾಮ್ರಾಜ್ಯಕ್ಕೆ ಸೇರಿದ್ದಾಗ, 1811ರಲ್ಲಿ, ಎಲ್ಲರೂ ಒಂದು ಸ್ಥಿರವಾದ ಮನೆಹೆಸರನ್ನು ಇಟ್ಟುಕೊಳ್ಳತಕ್ಕದ್ದೆಂದು ಆಜ್ಞೆಯಾಯಿತು. ಆ ದಿನ ಯಾನ್ಸೆನ್ ಆಗಿದ್ದವನ ವಂಶವೆಲ್ಲ ಯಾನ್ಸೆನ್ ಆಯಿತು. ಅದಕ್ಕೇ ಆ ಸೀಮೆಯಲ್ಲಿ ಇಂದಿಗೂ ಯಾನ್ಸೆನ್‌ಗಳ ಸಂಖ್ಯೆ ಅಷ್ಟು ದೊಡ್ಡದು. ಕಿಟೆಲ್ ಹುಟ್ಟಿದ್ದು ಈ ಆಜ್ಞೆಯಾದ 21 ವರ್ಷಗಳ ಮೇಲೆ. ಸುತ್ತಲಿನ ಹಿರಿಯರು ತಮ್ಮ ಹೊಸ ಅಡ್ಡಹೆಸರಿಗೆ ಇನ್ನೂ ಒಗ್ಗಿಕೊಳ್ಳುತ್ತಿದ್ದ ಕಾಲ. ಅಂಥ ಊರಿನಲ್ಲಿ 'ನಿಲುವಂಗಿ' ಎಂಬ ಹೆಸರಿನ ಪಾದ್ರಿಯ ಮನೆಯೊಂದೇ ಬೇರೆಯಾಗಿ ಕೇಳಿಸುತ್ತಿದ್ದಿರಬೇಕು.

ಹೆಸರುಗಳು ಅಪರೂಪವಾಗುವುದಕ್ಕೆ ಇನ್ನೊಂದು ಕಾರಣವುಂಟು. ಅದನ್ನು ಗಣಿತಜ್ಞರು ವಿಚಾರಿಸಿದ್ದಾರೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಒಂದು ಪ್ರಶ್ನೆ ಎತ್ತಿದ. ಹೆಸರು ಗಂಡುಮಕ್ಕಳ ಮೂಲಕವೇ ಸಾಗುವುದಾದರೆ, ಕೆಲವರಿಗೆ ಗಂಡುಮಕ್ಕಳಿಲ್ಲದೆ, ಕೆಲವರಿಗೆ ಒಬ್ಬನೇ ಮಗನಾಗಿ, ಎಷ್ಟು ತಲೆಮಾರುಗಳಲ್ಲಿ ಎಷ್ಟು ಹೆಸರುಗಳು ಅಳಿಯುತ್ತವೆ? ವಾಟ್ಸನ್ ಎಂಬ ಪಾದ್ರಿ ಲೆಕ್ಕ ಹಾಕಿ, ಕೊನೆಗೆ ಎಲ್ಲ ಹೆಸರುಗಳೂ ಅಳಿಯುತ್ತವೆಂದು ಉತ್ತರ ಕೊಟ್ಟ. ಆ ಉತ್ತರ ತಪ್ಪೆಂದು ಮುಂದೆ ತಿಳಿಯಿತು. ಜನ ಸರಾಸರಿಯಲ್ಲಿ ಹೆಚ್ಚುತ್ತಿದ್ದರೆ ಕೆಲವು ಹೆಸರುಗಳು ಉಳಿಯುವ ಸಂಭವವಿದೆ. ಆದರೂ ಅಳಿಯುವವೇ ಬಹಳ. ಉಳಿದವು ಮಾತ್ರ ಹಬ್ಬಿ ಹರಡುತ್ತವೆ. ಈ ಲೆಕ್ಕವನ್ನೇ ಈಗ ಪರಮಾಣು ಸ್ಫೋಟದ ಸರಪಣಿಗೂ ಅಂಟುಜಾಡ್ಯ ಹರಡುವುದಕ್ಕೂ ಅನ್ವಯಿಸುತ್ತಾರೆ. ಇದರಲ್ಲಿ ನನಗೆ ಕಾಣುವುದು ಬೇರೊಂದು. ಹೆಣ್ಣುಮಕ್ಕಳಿದ್ದೂ ಹೆಸರು ಅಳಿಯಿತೆಂದರೆ, ಅಳಿದದ್ದು ವಂಶವಲ್ಲ. ಕಾನೂನಿನ ಕಣ್ಣಿಗೆ ಕಾಣಿಸದೆ ಹೋಯಿತು, ಅಷ್ಟೆ. ಜರ್ಮನಿಯಲ್ಲಿ ಗಂಡಹೆಂಡಿರು ಒಂದೇ ಹೆಸರಿಗೆ ಒಪ್ಪದಿದ್ದರೆ ಗಂಡನ ಹೆಸರೇ ಸಲ್ಲತಕ್ಕದ್ದೆಂಬ ನಿಯಮವನ್ನು ಅಲ್ಲಿಯ ಸಂವಿಧಾನ ನ್ಯಾಯಾಲಯ ತಳ್ಳಿಹಾಕಿದ್ದು 1991ರಲ್ಲಿ.

ಹೆಸರು ಒಂದೇ ಆದರೆ ಗುಣವೂ ಒಂದೇ ಎಂಬ ಭ್ರಮೆಯನ್ನು ಕಳೆಯಲು ಇನ್ನೊಬ್ಬ ಕಿಟೆಲನನ್ನು ಇಲ್ಲಿ ನೆನೆಯಬೇಕು. ನಮ್ಮ ಕಿಟೆಲ್ ತನ್ನ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್ ನಗರದಲ್ಲಿ. ಅಲ್ಲಿಯ ವಿಶ್ವವಿದ್ಯಾನಿಲಯ 1896ರಲ್ಲಿ ಆತನಿಗೆ ಡಾಕ್ಟರೇಟ್ ಕೊಟ್ಟು ಗೌರವಿಸಿತ್ತು. ಅದೇ ವಿಶ್ವವಿದ್ಯಾನಿಲಯದಲ್ಲಿ 1926ರಿಂದ ಪ್ರಾಧ್ಯಾಪಕನಾಗಿದ್ದವನು ಗೆರ್ಹಾರ್ಡ್ ಕಿಟೆಲ್. ಆತನೂ ಕೋಶಕಾರ. ಆತ ಆರಂಭಿಸಿದ, ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಶಬ್ದಗಳ ಮಹಾಕೋಶ ಇಂಗ್ಲಿಷಿನಲ್ಲಿ ಹತ್ತು ಸಂಪುಟಗಳಾಗಿ ಬಂದಿದೆ. ಕ್ರೈಸ್ತ ಪಂಡಿತರೂ ಸಂದೇಹ ಬಂದಾಗ "ಕಿಟೆಲ್ ನೋಡಿ" ಎನ್ನುತ್ತಾರೆ. ನಮ್ಮ ಮಾತೇ, ಪುಸ್ತಕ ಬೇರೆ! ಈತ 1933ರಲ್ಲಿ ನಾಜಿ ಪಕ್ಷ ಸೇರಿದ. ಯೆಹೂದ್ಯರ ಹಕ್ಕುಗಳನ್ನು ಕಿತ್ತುಕೊಳ್ಳುವುದನ್ನು ಸಮರ್ಥಿಸಿ ಪುಸ್ತಕ ಬರೆದ. ಯುದ್ಧ ಮುಗಿದ ಮೇಲೆ ಫ್ರೆಂಚರು ಆತನನ್ನು ಸೆರೆಹಿಡಿದರು. ಯೆಹೂದ್ಯರು ತಮ್ಮ ಪ್ರಾಯಶ್ಚಿತ್ತದ ದಿನ ತೊಡುವ ಅಂಗಿಯ ಹೆಸರನ್ನೇ ಹೊತ್ತವನು ಅವರ ಮೇಲೆ ಹಾಗೆ ಬರೆದ. ಪರದೇಶದವರ ಬಾಯಿಂದ ಒಂದೊಂದಾಗಿ ಮಾತು ಕೇಳಿ ಬರೆದುಕೊಂಡು, ಗಾದೆಗಳನ್ನೂ ಹಳ್ಳಿಯ ಆಡುನುಡಿಯನ್ನೂ ಪಂಪ ಕೇಶಿರಾಜರ ಶಬ್ದಗಳ ಪಂಕ್ತಿಯಲ್ಲೇ ಕೂರಿಸಿದ ಕಿಟೆಲನಿಗೂ ಈತನಿಗೂ ಸಮಾನವಾದದ್ದು ಐದಾರು ಅಕ್ಷರ ಮಾತ್ರ.

ಆ ಕಾಲದ ಜರ್ಮನಿಯಲ್ಲಿ ಹೆಸರೇ ಮನುಷ್ಯನಿಗೆ ಮುಳುವಾಯಿತು. 1939ರ ಆರಂಭದಿಂದ ಯೆಹೂದ್ಯ ಗಂಡಸರು ಇಸ್ರಾಯೇಲ್ ಎಂದೂ ಹೆಂಗಸರು ಸಾರಾ ಎಂದೂ ಹೆಸರಿಗೆ ಸೇರಿಸಿಕೊಳ್ಳಬೇಕಾಗಿತ್ತು. ನೋಡಿದೊಡನೆ ಗುರುತು ಹಿಡಿಯಲು. ಅದೇ ವರ್ಷ ಬೆಂಗಳೂರಿಗೆ ಬಂದು ಮೈಸೂರು ಸರಕಾರದ ವಾಸ್ತುಶಿಲ್ಪಿಯಾದವರು ಓಟ್ಟೋ ಕೋನಿಗ್ಸ್‌ಬರ್ಗರ್. 1933ರಲ್ಲಿ ಯೆಹೂದ್ಯರೆಂಬ ಕಾರಣಕ್ಕೆ ಬರ್ಲಿನ್ನಿನ ಕೆಲಸ ಕಳೆದುಕೊಂಡಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳು ಅವರ ಕೈಯವು. ಭುವನೇಶ್ವರದ ನಗರಯೋಜನೆಯೂ ಅವರದೇ. ಅವರ ಹೆಸರಿನ ಅರ್ಥ 'ಕೋನಿಗ್ಸ್‌ಬರ್ಗಿನವನು'. ಆ ಹೆಸರಿನ ಊರುಗಳು ಹಲವಿವೆ. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದ, ತತ್ತ್ವಜ್ಞಾನಿ ಕಾಂಟನ ಕೋನಿಗ್ಸ್‌ಬರ್ಗ್ 1946ರಲ್ಲಿ ಕಲೀನಿನ್‌ಗ್ರಾದ್ ಆಗಿ, ಭೂಪಟದಿಂದ ಹಳೆಯ ಹೆಸರು ಅಳಿಸಿಹೋಯಿತು. ಊರಿನ ಹೆಸರು ಉಳಿದದ್ದು ಮನುಷ್ಯರ ಹೆಸರಿನಲ್ಲಿ.

ಇಲ್ಲಿಂದ ನಮ್ಮ ಸೀಮೆಗೆ ಹೆಜ್ಜೆ ದೂರವಿಲ್ಲ. ನಮ್ಮ ತಾಲ್ಲೂಕಿನ ಮಾಸ್ತಿ ಎಂಬ ಹಳ್ಳಿಯ ಹೆಸರನ್ನು ನಾಡು ಬಲ್ಲದ್ದು ವೆಂಕಟೇಶ ಅಯ್ಯಂಗಾರ್ಯರಿಂದ. ಈಗ ಮಾಸ್ತಿಯೆಂದರೆ ಮೊದಲು ಕಾಣುವುದು ಸಣ್ಣ ಕತೆ, ಆಮೇಲೆ ಊರು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರ ಡಿ ಎಂಬ ಅಕ್ಷರದಲ್ಲಿ ದೇವನಹಳ್ಳಿ ಅಡಗಿದೆ. ಹಿಂದೆ ನಮ್ಮ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಮೋಕ್ಷಗುಂಡಂ ಈಗಿನ ಆಂಧ್ರಪ್ರದೇಶದ ಒಂದು ಹಳ್ಳಿ. ಪೂರ್ವಿಕರು ಬಿಟ್ಟುಬಂದ ಊರು ತೆಲುಗಿನ ಇಂಟಿಪೇರಾಗಿ ಮೊಮ್ಮಕ್ಕಳ ಹೆಸರಿನ ಮುಂದೆ ನಡೆದುಬಂತು. ಲಕ್ಕೂರಿನ ಹೆಸರನ್ನು ಕನ್ನಡ ಕಾವ್ಯಕ್ಕೆ ಸೇರಿಸಿದವರು ಕವಿ ಲಕ್ಕೂರು ಆನಂದ.

ಹೀಗೆ ಊರನ್ನು ಹೆಸರಿನ ಮುಂದೆ ಇಟ್ಟುಕೊಳ್ಳುವುದರಲ್ಲಿ ಒಂದು ಸೂಕ್ಷ್ಮವಿದೆ. ನಗರದ ಓದುಗರು ಅದನ್ನು ಅಷ್ಟಾಗಿ ಗಮನಿಸಿದಂತಿಲ್ಲ. ಅಡ್ಡಹೆಸರು ಬಹುಪಾಲು ಕಸುಬನ್ನು ಹೇಳುತ್ತದೆ. ಜರ್ಮನಿಯಲ್ಲಿ ಕಂಬಾರನೆಂಬ ಹೆಸರಿನವನು ಪ್ರಾಧ್ಯಾಪಕನಾದರೆ ಹೆಸರಿನ ಅರ್ಥ ಯಾರಿಗೂ ಅಡ್ಡಬರುವುದಿಲ್ಲ. ನಮ್ಮ ದೇಶದಲ್ಲಿ ಕಸುಬು ಹೇಳಿದರೆ ಜಾತಿ ಹೇಳಿದಂತೆ. ಬಾಡಿಗೆ ಮನೆ ಹುಡುಕುವಾಗ, ಕೆಲಸದ ಸಂದರ್ಶನಕ್ಕೆ ಕುಳಿತಾಗ, ಎದುರಿನವರು ಹೆಸರಿನ ಕೊನೆಯ ಪದಕ್ಕಾಗಿ ಕಾಯುವುದನ್ನು ಕಂಡವರಿಗೆ ಇದು ಗೊತ್ತು. ಊರಿನ ಹೆಸರು ಆ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಲಕ್ಕೂರು ಎಂಬುದು ಮೇಲಿನ ಕೇರಿಯವನಿಗೂ ಕೆಳಗಿನ ಕೇರಿಯವನಿಗೂ ಒಂದೇ. ಒಂದೇ ಕೆರೆ, ಒಂದೇ ಅಂಚೆಪೆಟ್ಟಿಗೆ ಎಂದು ಹೇಳಿದರೆ ಇತಿಹಾಸ ಒಪ್ಪಲಾರದು. ಆದರೆ ಹೆಸರಿನ ಮಟ್ಟಿಗಾದರೂ ಊರು ಎಲ್ಲರದು. ಪಾಸ್‌ಪೋರ್ಟಿನ ಅರ್ಜಿಯಲ್ಲಿ 'ಕುಲನಾಮ' ಎಂಬ ಅಂಕಣ ಕಂಡು, ಜಾತಿಸೂಚಕ ಪದವನ್ನು ಹೊಸದಾಗಿ ಅಂಟಿಸಿಕೊಳ್ಳುವ ತರುಣರನ್ನು ಕಂಡರೆ ನನಗೆ ವ್ಯಸನವಾಗುತ್ತದೆ. ನೆಪೋಲಿಯನ್ನನ ಗುಮಾಸ್ತ ಬಂದು ಕೇಳಿದಂತೆ ಗಾಬರಿಯಾಗಿ ಏನನ್ನೋ ಬರೆದುಬಿಡುತ್ತಾರೆ. ಆ ಬರೆದದ್ದು ಇನ್ನು ಹತ್ತು ತಲೆಮಾರಿಗೆ ನಿಲ್ಲುತ್ತದೆ.

ಸ್ವಾರಸ್ಯವೆಂದರೆ, ಜರ್ಮನಿ ಈಗ ಹಿಂದಿರುಗಿ ನೋಡುತ್ತಿದೆ. 2025ರ ಮೇ 1ರಂದು ಜಾರಿಗೆ ಬಂದ ಅಲ್ಲಿಯ ಹೊಸ ಕಾನೂನು, ಫ್ರೀಸಿಯನ್ ಜನರು ಬಯಸಿದರೆ ತಮ್ಮ ಹಳೆಯ ಪದ್ಧತಿಯಂತೆ ತಂದೆಯ ಅಥವಾ ತಾಯಿಯ ಇಟ್ಟ ಹೆಸರಿನಿಂದಲೇ ಮಗುವಿನ ಕೊನೆಯ ಹೆಸರನ್ನು ಮಾಡಿಕೊಳ್ಳಬಹುದೆಂದು ಒಪ್ಪಿದೆ. 1811ರ ಆಜ್ಞೆ ಮುಚ್ಚಿದ ಬಾಗಿಲು 214 ವರ್ಷಗಳ ಮೇಲೆ ಅರ್ಧ ತೆರೆಯಿತು.

ನನ್ನ ತಮ್ಮನ ಮಗನೊಬ್ಬ ಉದ್ಯೋಗದ ಮೇಲೆ ಜರ್ಮನಿಯಲ್ಲಿದ್ದಾನೆ. ಪಾಸ್‌ಪೋರ್ಟ್ ಮಾಡಿಸುವಾಗ ಆತ ಕುಲನಾಮದ ಅಂಕಣದಲ್ಲಿ ಲಕ್ಕೂರು ಎಂದು ಬರೆಸಿದ್ದ. ಅಲ್ಲಿ ಹುಟ್ಟಿದ ಮಗಳಿಗೆ ಆಸ್ಪತ್ರೆಯ ಊರಿನ ಜನನ ಕಚೇರಿಯಲ್ಲಿ ಅದೇ ಮನೆಹೆಸರಾಗಿ ದಾಖಲಾಯಿತು. ಕಚೇರಿಯವರು ಎರಡೆರಡು ಸಲ ಕಾಗುಣಿತ ಕೇಳಿದರಂತೆ. ಆ ದೇಶದ ದಫ್ತರದಲ್ಲಿ ಅಷ್ಟು ಅಪರೂಪದ ಅಡ್ಡಹೆಸರು ಬಹಳ ಇರಲಾರದು. ಈಚೆಗೆ ಆತ, "ದೊಡ್ಡಪ್ಪ, ಪಕ್ಕದ ಮನೆಯ ಅಜ್ಜಿ ಈ ಹೆಸರಿನ ಅರ್ಥವೇನೆಂದು ಕೇಳುತ್ತಾರೆ, ಏನು ಹೇಳಲಿ?" ಎಂದು ಬರೆದಿದ್ದ. ಕನ್ನಡದಲ್ಲಿ ಲಕ್ಕಿ ಎಂಬ ಗಿಡವುಂಟು, ಬಾಣಂತಿಯರ ಸ್ನಾನದ ನೀರಿಗೆ ಅದರ ಸೊಪ್ಪು ಹಾಕುತ್ತಾರೆ. ಲಕ್ಕ ಎಂಬ ವ್ಯಕ್ತಿನಾಮವೂ ಉಂಟು, ವಿಜಯನಗರದ ಕಾಲದಲ್ಲಿ ಮುಳಬಾಗಿಲನ್ನು ಆಳಿದ ಲಕ್ಕಣ್ಣ ದಂಡೇಶ ಅದಕ್ಕೆ ಸಾಕ್ಷಿ. ಊರು ಗಿಡದಿಂದಲೂ ಬರಬಹುದು, ಮನುಷ್ಯನಿಂದಲೂ ಬರಬಹುದು ಎಂದು ಎರಡನ್ನೂ ಬರೆದು ಕಳಿಸಿದ್ದೇನೆ. ಅಜ್ಜಿಗೆ ಯಾವುದನ್ನು ಹೇಳಿದನೋ, ಇನ್ನೂ ಕಾಗದ ಬಂದಿಲ್ಲ.